ಲಂಡನ್ನಿನ ಸವಾಯ್: ಈ ನೆಲದಲ್ಲಿ ಹಾಸಿಗೆ ಯಾರಿಗೆ?

(ಗೆಳೆಯರ ಬಳಗವೊಂದರ ಮುಂದೆ ಮಾಡಿದ ಉಪನ್ಯಾಸವನ್ನು ಇಲ್ಲಿ ಬರಹಕ್ಕಿಳಿಸಿದ್ದೇನೆ. ಮಾತಿನ ಓಘದಲ್ಲಿ ಹಿಂದುಮುಂದಾಗಿದ್ದ ಕೆಲವು ಸಂಗತಿಗಳನ್ನು ಅವುಗಳ ಜಾಗಕ್ಕೆ ತಂದಿರುವುದನ್ನು ಬಿಟ್ಟರೆ ಹೆಚ್ಚಿನ ಬದಲಾವಣೆಯಿಲ್ಲ.)

ಸ್ನೇಹಿತರೇ,

‘ಹೋಟೆಲ್’ ಎಂಬ ಮಾತು ಕೇಳಿದ ಕೂಡಲೇ ಕನ್ನಡಿಗರ ಮೂಗಿಗೆ ಸಾಂಬಾರಿನ ವಾಸನೆ ಬಡಿಯುತ್ತದೆ. ನಮಗೆ ಹೋಟೆಲ್ ಎಂದರೆ ತಿಂಡಿ–ಕಾಫಿಯ ಜಾಗ. ಮಲಗುವ ಜಾಗವನ್ನು ಲಾಡ್ಜ್ ಎನ್ನುತ್ತೇವೆ. ಹಣ ಕೊಡದೆಯೂ ತಲೆಯೂರಬಹುದಾದ ಜಾಗಕ್ಕೆ ಛತ್ರ, ಧರ್ಮಶಾಲೆ ಎಂಬ ಹಳೆಯ ಹೆಸರುಗಳಿವೆ. ದುಡ್ಡಿನ ತಂಗುದಾಣ ಬೇರೆ, ಧರ್ಮದ ತಂಗುದಾಣ ಬೇರೆ ಎಂಬ ಈ ವಿಂಗಡಣೆ ನಮ್ಮ ಭಾಷೆಯಲ್ಲೇ ಇದೆ. ಯುರೋಪಿನ ಭಾಷೆಗಳಲ್ಲಿ ಹೋಟೆಲ್ ಮತ್ತು ಹಾಸ್ಪಿಟಲ್ ಎಂಬ ಎರಡು ಪದಗಳೂ ಒಂದೇ ಲ್ಯಾಟಿನ್ ಬೇರಿನಿಂದ, ಅತಿಥಿಯನ್ನೂ ಆತಿಥೇಯನನ್ನೂ ಸೂಚಿಸುವ ಪದದಿಂದ ಹುಟ್ಟಿದವು. ಲಂಡನ್ನಿನಲ್ಲಿ, ಥೇಮ್ಸ್ ನದಿಯ ಉತ್ತರ ದಂಡೆಯಲ್ಲಿ, ಈ ಎರಡೂ ಪದಗಳು ಬೇರೆ ಬೇರೆ ಕಾಲದಲ್ಲಿ ಒಂದೇ ನೆಲದ ಮೇಲೆ ಕಟ್ಟಡಗಳಾಗಿ ನಿಂತಿದ್ದವು. ಆ ನೆಲದ ಹೆಸರು ಸವಾಯ್. ಈಗ ಅಲ್ಲಿರುವುದು ಜಗತ್ತಿನ ಹೆಸರಾಂತ ಐಷಾರಾಮಿ ಹೋಟೆಲುಗಳಲ್ಲೊಂದು. ಮಗಳು ಮತ್ತು ಅಳಿಯ ನನ್ನ ಹುಟ್ಟುಹಬ್ಬಕ್ಕೆಂದು ಕೊಡಿಸಿದ ಒಂದು ರಾತ್ರಿಯನ್ನು ನಾನು ಅಲ್ಲಿ ಕಳೆದೆ. ಆ ರಾತ್ರಿಯ ಬಗ್ಗೆ ಮಾತನಾಡಲು ನೀವು ಕರೆದಿದ್ದೀರಿ. ಆದರೆ ಆ ನೆಲದಲ್ಲಿ ನನಗಿಂತ ಮೊದಲು ಮಲಗಿ ಎದ್ದವರನ್ನು ಬಿಟ್ಟು ನನ್ನೊಬ್ಬನ ನಿದ್ರೆಯ ಬಗ್ಗೆ ಹೇಳುವುದು ನನ್ನಿಂದಾಗದು.

ಸ್ಟ್ರ್ಯಾಂಡ್ ಎಂಬ ಗದ್ದಲದ ಬೀದಿಯಿಂದ ಒಳಗೆ ತಿರುಗಿದರೆ ಸವಾಯ್ ಕೋರ್ಟ್ ಎಂಬ ಪುಟ್ಟ ರಸ್ತೆ ಸಿಗುತ್ತದೆ. ಬ್ರಿಟನ್ನಿನಲ್ಲಿಯೂ ನಮ್ಮಲ್ಲಿಯಂತೆ ವಾಹನಗಳು ಎಡಬದಿಯಲ್ಲಿ ಓಡುತ್ತವೆ. ಈ ತುಂಡು ರಸ್ತೆಯಲ್ಲಿ ಮಾತ್ರ ಬಲಬದಿಯಲ್ಲಿ ಸಾಗುತ್ತವೆ. ಅದರ ಕೊನೆಗೆ 1929ರ ಕಾಲದ ಹೊಳೆಯುವ ಉಕ್ಕಿನ ಮುಂಚಾವಣಿ, ಅದರ ಮೇಲೆ ಈಟಿ ಹಿಡಿದು ನಿಂತ ಚಿನ್ನದ ಬಣ್ಣದ ಒಂದು ಪ್ರತಿಮೆ. ಬಾಗಿಲಲ್ಲಿ ಇಳಿಯುವ ಹೆಚ್ಚಿನವರು ಕತ್ತೆತ್ತಿ ಆ ಪ್ರತಿಮೆಯನ್ನು ನೋಡುವುದಿಲ್ಲ. ಆದರೆ ಕಥೆ ಅಲ್ಲಿಂದಲೇ ಶುರುವಾಗುತ್ತದೆ.

ಅವನು ಸವಾಯ್ ಎಂಬ ಆಲ್ಪ್ಸ್ ಸೀಮೆಯ ಪೀಟರ್. ಇಂಗ್ಲೆಂಡಿನ ದೊರೆ ಮೂರನೆಯ ಹೆನ್ರಿಯ ಹೆಂಡತಿಗೆ ಸೋದರಮಾವ. 1246ರಲ್ಲಿ ದೊರೆ ಅವನಿಗೆ ನದಿ ದಂಡೆಯ ಈ ಜಾಗವನ್ನು ಕೊಟ್ಟ. ಅದಕ್ಕೆ ಪ್ರತಿಯಾಗಿ ಖಜಾನೆಗೆ ಸಲ್ಲಬೇಕಿದ್ದ ವಾರ್ಷಿಕ ಕಂದಾಯ ಮೂರು ಬಾಣಗಳು. ಹೆಣ್ಣು ಕೊಟ್ಟ ಕಡೆಯ ಬಂಧುವಿಗೆ ವರ್ಷಕ್ಕೆ ಮೂರು ಬಾಣದ ಬಾಡಿಗೆಗೆ ದೊರೆತ ನೆಲದಲ್ಲಿ ಅರಮನೆ ಎದ್ದಿತು. ಅದು ಕೈ ಬದಲಾಗುತ್ತ ಹದಿನಾಲ್ಕನೆಯ ಶತಮಾನದಲ್ಲಿ ಲ್ಯಾಂಕಾಸ್ಟರಿನ ಡ್ಯೂಕ್ ಜಾನ್ ಆಫ್ ಗಾಂಟ್‌ನ ವಶಕ್ಕೆ ಬಂತು. ಅವನು ಬಾಲಕ ದೊರೆ ಎರಡನೆಯ ರಿಚರ್ಡನ ಚಿಕ್ಕಪ್ಪ, ಆ ಕಾಲದ ಇಂಗ್ಲೆಂಡಿನಲ್ಲಿ ಅತ್ಯಂತ ಬಲಶಾಲಿ, ಅಷ್ಟೇ ಜನದ್ವೇಷಕ್ಕೆ ಗುರಿಯಾದವನು. ತಲೆಗಂದಾಯದ ಹೊರೆ ತಾಳಲಾರದೆ ರೈತರು 1381ರಲ್ಲಿ ದಂಗೆಯೆದ್ದು ಲಂಡನ್ನಿಗೆ ನುಗ್ಗಿದಾಗ, ಜೂನ್ 13ರಂದು, ಅವರು ಮೊದಲು ಸುಟ್ಟ ಮನೆಗಳಲ್ಲಿ ಈ ಅರಮನೆಯೂ ಒಂದು. ಅವರು ಲೂಟಿಗೆ ಬಂದವರಲ್ಲ. ಬೆಳ್ಳಿಬಂಗಾರದ ಪಾತ್ರೆಗಳನ್ನು ಜಜ್ಜಿ ನದಿಗೆಸೆದರು, ಬೆಲೆಬಾಳುವ ಬಟ್ಟೆಗಳನ್ನು ಹರಿದು ಬೆಂಕಿಗೆ ಹಾಕಿದರು. ಬೆಳ್ಳಿಯನ್ನು ಕದ್ದ ತಮ್ಮವನೊಬ್ಬನನ್ನೇ ಅವರು ಬೆಂಕಿಗೆ ನೂಕಿದರೆಂದು ಅಂದಿನ ಬರಹಗಾರರು ದಾಖಲಿಸಿದ್ದಾರೆ. ಕದಿಯಲು ಬಂದಿಲ್ಲ, ಅಳಿಸಲು ಬಂದಿದ್ದೇವೆ ಎಂದು ತೋರಿಸುವ ಆ ಹಟವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಸುಟ್ಟ ನೆಲ ನೂರಕ್ಕೂ ಹೆಚ್ಚು ವರ್ಷ ಹಾಳು ಬಿದ್ದಿತ್ತು. ಆಮೇಲೆ ನಡೆದದ್ದು ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಪ್ರಿಯವಾದ ಭಾಗ. ಏಳನೆಯ ಹೆನ್ರಿ ಅಲ್ಲಿ ಬಡವರಿಗಾಗಿ ಒಂದು ಆಸ್ಪತ್ರೆ ಕಟ್ಟಿಸಲು ಆಸ್ತಿ ಬಿಟ್ಟು 1509ರಲ್ಲಿ ತೀರಿಕೊಂಡ; ಕೆಲವೇ ವರ್ಷಗಳಲ್ಲಿ ಅದು ತೆರೆಯಿತು. ಮನೆಯಿಲ್ಲದವರಿಗೆ, ದಿಕ್ಕಿಲ್ಲದವರಿಗೆ ನೂರು ಹಾಸಿಗೆಗಳು. ಆಸ್ಪತ್ರೆ ಎಂಬ ಮಾತಿಗೆ ಆಗ ಇಂದಿನ ಅರ್ಥವಿರಲಿಲ್ಲ. ನಮ್ಮ ಛತ್ರಕ್ಕೆ ಹತ್ತಿರವಾದ, ರಾತ್ರಿ ಕಳೆಯಲು ಸೂರು ಕೊಡುವ, ಕಾಯಿಲೆ ಬಿದ್ದವರನ್ನು ನೋಡಿಕೊಳ್ಳುವ ಧರ್ಮದ ಮನೆ ಅದು. ಯಾವ ನೆಲದ ಅರಮನೆಯನ್ನು ಬಡವರು ಸುಟ್ಟಿದ್ದರೋ ಆ ನೆಲದಲ್ಲೇ ಬಡವರಿಗೆ ಹಾಸಿಗೆ ಹಾಸಲಾಯಿತು. ಮುಂದೆ ಅದರ ಆಡಳಿತ ಕೆಟ್ಟಿತು, 1702ರಲ್ಲಿ ಅದು ಮುಚ್ಚಿಹೋಯಿತು. ಉಳಿದಿರುವುದು ಅದರ ಪ್ರಾರ್ಥನಾ ಮಂದಿರ ಮಾತ್ರ. ಹೋಟೆಲಿನ ಬೆನ್ನಿಗೆ ಅಂಟಿದಂತೆ, ಒಂದಿಷ್ಟು ಹಸಿರಿನ ನಡುವೆ, ಆ ಕಲ್ಲಿನ ಗುಡಿ ಈಗಲೂ ಇದೆ. ಸವಾಯ್‌ಗೆ ಹೋದವರು ಚಹಾಕೂಟಕ್ಕೆ ಎರಡು ಗಂಟೆ ಕೊಟ್ಟರೆ ಅದಕ್ಕೆ ಹತ್ತು ನಿಮಿಷವನ್ನಾದರೂ ಕೊಡಬೇಕೆಂದು ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ.

ಇನ್ನು ಹೋಟೆಲ್. ರಿಚರ್ಡ್ ಡಾಯ್ಲಿ ಕಾರ್ಟ್ ಎಂಬಾತ ನಾಟಕ ಕಂಪನಿಯ ಮಾಲೀಕ. ಗಿಲ್ಬರ್ಟ್ ಮತ್ತು ಸಲಿವನ್ ಜೋಡಿಯ ಹಾಸ್ಯ ಗೀತನಾಟಕಗಳನ್ನು ರಂಗಕ್ಕೆ ತಂದು ಹಣ ಮಾಡಿದವನು. 1881ರಲ್ಲಿ ಅವನು ಇಲ್ಲಿ ಸವಾಯ್ ರಂಗಮಂದಿರವನ್ನು ತೆರೆದ. ಇಡೀ ಕಟ್ಟಡಕ್ಕೆ ವಿದ್ಯುತ್ ದೀಪ ಅಳವಡಿಸಿದ ಜಗತ್ತಿನ ಮೊದಲ ಸಾರ್ವಜನಿಕ ಕಟ್ಟಡವೆಂದು ಅದು ಹೆಸರಾಯಿತು. ಅಮೆರಿಕದ ಪ್ರವಾಸಗಳಲ್ಲಿ ಅಲ್ಲಿನ ಹೋಟೆಲುಗಳ ಸೌಕರ್ಯ ಕಂಡಿದ್ದ ಅವನು, ರಂಗಮಂದಿರದ ಮಗ್ಗುಲಲ್ಲೇ 1889ರ ಆಗಸ್ಟ್ 6ರಂದು ಹೋಟೆಲನ್ನು ತೆರೆದ. ವಿದ್ಯುತ್ ದೀಪ, ವಿದ್ಯುತ್ ಲಿಫ್ಟು, ನಲ್ಲಿ ತಿರುಗಿಸಿದರೆ ಬಿಸಿನೀರು. 67 ಸ್ನಾನದ ಕೋಣೆಗಳನ್ನು ಅವನು ಕಟ್ಟಿಸಿದ್ದು ಆ ಕಾಲದವರಿಗೆ ಅತಿಯೆನಿಸಿತ್ತು. ಹತ್ತಿರದಲ್ಲೇ ಎರಡು ವರ್ಷ ಮೊದಲು ತೆರೆದಿದ್ದ, ಐನೂರು ಕೋಣೆಗಳ ಇನ್ನೊಂದು ದೊಡ್ಡ ಹೋಟೆಲಿನಲ್ಲಿ ಸ್ನಾನದ ಕೋಣೆಗಳಿದ್ದದ್ದು ನಾಲ್ಕೇ. ಅಲ್ಲಿಯವರೆಗೂ ಶ್ರೀಮಂತ ಅತಿಥಿಯ ಸ್ನಾನವೆಂದರೆ ಕೆಲಸದ ಹುಡುಗಿಯೊಬ್ಬಳು ಬಿಸಿನೀರಿನ ಕೊಡವನ್ನು ಮಹಡಿಯಿಂದ ಮಹಡಿಗೆ ಹೊತ್ತು ತರುವುದೆಂದೇ ಅರ್ಥ. ಹಾಗಾಗಿ ಆ 67 ಕೋಣೆಗಳ ಸಂಖ್ಯೆಯನ್ನು ನಾನು ಐಷಾರಾಮದ ಲೆಕ್ಕವಾಗಿ ನೋಡುವುದಕ್ಕಿಂತ ಆ ಹುಡುಗಿಯರ ಸೊಂಟಕ್ಕೆ ಸಿಕ್ಕ ಬಿಡುವಿನ ಲೆಕ್ಕವಾಗಿ ನೋಡುತ್ತೇನೆ. ಕೊಳವೆ ಬಂದದ್ದು ಧಣಿಯ ಸುಖಕ್ಕಾದರೂ ಇಳಿದದ್ದು ಆಳಿನ ಹೊರೆ.

ಹೋಟೆಲಿಗೆ ಜೀವ ತುಂಬಲು ಕಾರ್ಟ್ ಇಬ್ಬರನ್ನು ಕರೆತಂದ. ಒಬ್ಬ ಸೀಸರ್ ರಿಟ್ಜ್, ಸ್ವಿಟ್ಜರ್ಲೆಂಡಿನ ಗುಡ್ಡಗಾಡಿನ ಹಳ್ಳಿಯೊಂದರ ರೈತನಿಗೆ ಹದಿಮೂರನೆಯ ಮಗುವಾಗಿ 1850ರಲ್ಲಿ ಹುಟ್ಟಿದವನು. ಇನ್ನೊಬ್ಬ ಫ್ರೆಂಚ್ ಬಾಣಸಿಗ ಒಗಸ್ತ್ ಎಸ್ಕೋಫಿಯೆ. ದೊಡ್ಡ ಅಡುಗೆಮನೆಯೆಂದರೆ ಬೈಗುಳ, ಕುಡಿತ, ಕೂಗಾಟವೆಂದಿದ್ದ ಕಾಲದಲ್ಲಿ ಎಸ್ಕೋಫಿಯೆ ಇವನ್ನು ನಿಷೇಧಿಸಿದ. ಬೆಂಕಿಯ ಮುಂದೆ ಬೆವರುವವರಿಗೆ ಕುಡಿಯಲು ಬಾರ್ಲಿ ನೀರನ್ನು ಇಡಿಸಿದ. ಸಾರಿನವನು, ಹುರಿಯುವವನು, ತಣ್ಣನೆಯ ತಿನಿಸಿನವನು, ಸಿಹಿಯವನು ಎಂದು ಕೆಲಸವನ್ನು ಪಾಲು ಮಾಡಿದ. ಒಂದೇ ತಟ್ಟೆ ಹಲವು ಕೈಗಳಲ್ಲಿ ಏಕಕಾಲಕ್ಕೆ ಸಿದ್ಧವಾಗುವ ಈ ಕ್ರಮವೇ ಇಂದು ಜಗತ್ತಿನ ದೊಡ್ಡ ಹೋಟೆಲುಗಳ ಅಡುಗೆಮನೆಗಳಲ್ಲೆಲ್ಲ ನಡೆಯುತ್ತಿರುವುದು. ಗಾಯಕಿ ನೆಲ್ಲಿ ಮೆಲ್ಬಾ ಹೆಸರಿನಲ್ಲಿ ಪೀಚ್ ಹಣ್ಣು ಮತ್ತು ಐಸ್‌ಕ್ರೀಮಿನ ಸಿಹಿಯನ್ನು ಅವನು ರೂಪಿಸಿದ್ದೂ ಇಲ್ಲಿಯ ದಿನಗಳಲ್ಲೇ. ಮರ್ಯಾದಸ್ಥ ಮನೆತನದ ಹೆಂಗಸರು ಹೊರಗೆ, ಅಪರಿಚಿತರ ನಡುವೆ ಕೂತು ಊಟ ಮಾಡುವುದು ಲಂಡನ್ನಿನಲ್ಲಿ ಒಪ್ಪಿತವಾದದ್ದಕ್ಕೆ ಸವಾಯ್‌ನ ಭೋಜನಶಾಲೆಯ ಪಾಲು ದೊಡ್ಡದು. ಈ ಇಬ್ಬರ ಸವಾಯ್ ಅಧ್ಯಾಯ ಚೆನ್ನಾಗಿ ಮುಗಿಯಲಿಲ್ಲ. ಲೆಕ್ಕಪತ್ರದ ಅವ್ಯವಹಾರದ ಆರೋಪದ ಮೇಲೆ 1898ರ ಮಾರ್ಚಿನಲ್ಲಿ ಇಬ್ಬರನ್ನೂ ಕೆಲಸದಿಂದ ತೆಗೆಯಲಾಯಿತು. ಅದೇ ವರ್ಷ ಪ್ಯಾರಿಸ್‌ನಲ್ಲಿ ರಿಟ್ಜ್ ತನ್ನ ಹೆಸರಿನ ಹೋಟೆಲನ್ನು ತೆರೆದ.

ಕಿಟಕಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನನಗೆ ಸಿಕ್ಕಿದ್ದು ನದಿಯ ಕಡೆಗೆ ತೆರೆಯುವ ಕೋಣೆ. ಥೇಮ್ಸ್ ಇಲ್ಲಿ ಮೊಣಕೈಯಂತೆ ಬಾಗುವುದರಿಂದ ಒಂದೇ ಕಿಟಕಿಯಲ್ಲಿ ಎಡಕ್ಕೆ ವಾಟರ್‌ಲೂ ಸೇತುವೆಯನ್ನೂ ಬಲಕ್ಕೆ ಚೇರಿಂಗ್ ಕ್ರಾಸಿನ ರೈಲು ಸೇತುವೆಯನ್ನೂ ಅದರಾಚೆ ಸಂಸತ್ತಿನ ಗೋಪುರಗಳನ್ನೂ ಕಾಣಬಹುದು. ಕೆಳಗೆ ದಂಡೆಯ ಮೇಲೆ ಈಜಿಪ್ಟಿನಿಂದ ತಂದು 1878ರಲ್ಲಿ ನಿಲ್ಲಿಸಿದ ಕಲ್ಲುಕಂಬ. 1899ರಿಂದ 1901ರವರೆಗೆ ಮೂರು ಸಲ ಬಂದು ಫ್ರೆಂಚ್ ಚಿತ್ರಕಾರ ಕ್ಲೋಡ್ ಮೊನೆ ಚಿತ್ರಿಸಿದ್ದು ಇದೇ ನೋಟವನ್ನು. ಅವನ ಕೋಣೆ ಚಿತ್ರಪಟಗಳಿಂದ ತುಂಬಿಹೋಗುತ್ತಿತ್ತು. ಬೆಳಕು ಬದಲಾದಂತೆಲ್ಲ ಒಂದು ಪಟವನ್ನು ಬಿಟ್ಟು ಇನ್ನೊಂದನ್ನು ಹಿಡಿಯುತ್ತಿದ್ದ. ಅವನು ಬಯಸಿ ಬಂದದ್ದು ಲಂಡನ್ನಿನ ಮಂಜನ್ನು, ಆದರೆ ಆ ಮಂಜಿನ ಬಣ್ಣವೆಲ್ಲ ಕಲ್ಲಿದ್ದಲಿನ ಹೊಗೆಯದು. ಎದುರು ದಂಡೆಯ ಕಾರ್ಖಾನೆಗಳ ಹೊಗೆಕೊಳವೆಗಳು ಅವನ ಸೇತುವೆಗಳ ಹಿಂದೆ ನೇರಳೆ ಬಣ್ಣದಲ್ಲಿ ನಿಂತಿವೆ. ಇತ್ತ ಕಿಟಕಿಯಲ್ಲಿ ಕುಂಚ ಹಿಡಿದವನಿಗೆ ಅಂಥ ಚೆಲುವನ್ನು ತೋರಿದ ಆ ಹೊಗೆಯನ್ನು ಅತ್ತ ದಂಡೆಯಲ್ಲಿ ಉಸಿರಾಡುತ್ತಿದ್ದವರೂ ಇದ್ದರು. ಆ ಚಿತ್ರಗಳನ್ನು ನಾನು ಬಹಳ ಪ್ರೀತಿಸುತ್ತೇನೆ. ಈ ಮಾತು ಅವುಗಳ ಮೇಲಿನ ದೂರಲ್ಲ. ಅವನು ಬಿಡಿಸಿದ ವಾಟರ್‌ಲೂ ಸೇತುವೆ ಈಗಿಲ್ಲ. ಈಗಿರುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಟ್ಟಿದ್ದು, ಬಹುಪಾಲು ಹೆಂಗಸರು ದುಡಿದು ಕಟ್ಟಿದ್ದು; ದೋಣಿಯವರು ಅದನ್ನು ಹೆಂಗಸರ ಸೇತುವೆ ಎಂದೇ ಕರೆಯುತ್ತ ಬಂದಿದ್ದಾರೆ.

ಶ್ರೀಮಂತಿಕೆ ಈ ಹೋಟೆಲಿನಲ್ಲಿ ಎಂಥೆಂಥ ವೇಷ ತೊಟ್ಟಿತೆಂಬುದಕ್ಕೆ ಒಂದು ಉದಾಹರಣೆ ಸಾಕು. 1905ರಲ್ಲಿ ಜಾರ್ಜ್ ಕೆಸ್ಲರ್ ಎಂಬ ಷಾಂಪೇನ್ ವ್ಯಾಪಾರಿ ಇಲ್ಲಿಯ ಅಂಗಳಕ್ಕೆ ನೀರು ತುಂಬಿಸಿ ವೆನಿಸ್ ನಗರವನ್ನು ನಿರ್ಮಿಸಿದ. ಅತಿಥಿಗಳು ಊಟಕ್ಕೆ ಕೂತದ್ದು ರೇಷ್ಮೆ ಹೊದಿಸಿದ ಗೊಂಡೊಲ ದೋಣಿಯಲ್ಲಿ, ಹಾಡಿದ್ದು ಇಟಲಿಯ ಹೆಸರಾಂತ ಗಾಯಕ ಕರೂಸೊ, ಕೇಕನ್ನು ಹೊತ್ತು ತಂದದ್ದು ಒಂದು ಮರಿಯಾನೆ. ನೀರಿಗೆ ನೀಲಿ ಬಣ್ಣ ಕಲಸಿದ್ದರಿಂದ ಅದರಲ್ಲಿ ಬಿಟ್ಟಿದ್ದ ಹಂಸಗಳು ಸತ್ತುಹೋದವು. ಇದನ್ನು ಹೋಟೆಲಿನ ವೈಭವದ ಕಥೆಯಾಗಿ ಹೇಳುವವರಿದ್ದಾರೆ. ನನಗೆ ಆ ಹಂಸಗಳನ್ನು ದಾಟಿ ಮುಂದೆ ಹೋಗಲಾಗುವುದಿಲ್ಲ.

ಈಗ 1940ರ ಸೆಪ್ಟೆಂಬರ್ 14, ಶನಿವಾರದ ರಾತ್ರಿಗೆ ಬರೋಣ. ಜರ್ಮನಿಯ ವಿಮಾನಗಳು ಲಂಡನ್ನಿನ ಮೇಲೆ ಬಾಂಬು ಸುರಿಯಲು ಶುರುಮಾಡಿ ಒಂದು ವಾರವಾಗಿತ್ತು. ಹೆಚ್ಚು ಪೆಟ್ಟು ಬಿದ್ದದ್ದು ಹಡಗುಕಟ್ಟೆಗಳ ಸುತ್ತಲಿನ ಈಸ್ಟ್ ಎಂಡ್‌ಗೆ, ಕೂಲಿಕಾರರ ಇಕ್ಕಟ್ಟಿನ ಕೇರಿಗಳಿಗೆ. ಅಲ್ಲಿ ಗಟ್ಟಿಯಾದ ಆಶ್ರಯತಾಣಗಳಿರಲಿಲ್ಲ. ಭೂಗತ ರೈಲು ನಿಲ್ದಾಣಗಳನ್ನು ಆಶ್ರಯಕ್ಕೆ ಬಿಟ್ಟುಕೊಡಲು ಸರ್ಕಾರ ಒಪ್ಪಿರಲಿಲ್ಲ. ಸವಾಯ್‌ನ ನೆಲಮಾಳಿಗೆಯಲ್ಲಾದರೋ ಬಲವಾದ ಕಂಬಗಳ ನಡುವೆ ಅತಿಥಿಗಳಿಗಾಗಿ ಹಾಸಿಗೆ, ದಾದಿಯರು, ಗೊರಕೆ ಹೊಡೆಯುವವರಿಗೆಂದೇ ಬೇರೆ ವಿಭಾಗ. ಸ್ಟೆಪ್ನಿ ಎಂಬ ಬಡಾವಣೆಯ ಸುಮಾರು ಎಂಬತ್ತು ಮಂದಿ, ಮಕ್ಕಳೂ ಸೇರಿದಂತೆ, ಕಮ್ಯೂನಿಸ್ಟ್ ಮುಖಂಡ ಫಿಲ್ ಪಿರಾಟಿನ್‌ನ ಜೊತೆಗೂಡಿ ಆ ಸಂಜೆ ಸವಾಯ್‌ಗೆ ನಡೆದು ಬಂದರು. ಒಳಗೆ ಹೊಕ್ಕರು, ಆಶ್ರಯ ಕೇಳಿದರು. ಸೈರನ್ ಕೂಗಿತು. ದಾಳಿ ನಡೆಯುತ್ತಿರುವಾಗ ಆಶ್ರಯ ಬೇಡಿದವರನ್ನು ಬೀದಿಗೆ ತಳ್ಳುವಂತಿರಲಿಲ್ಲ, ಆದ್ದರಿಂದ ಪೊಲೀಸರು ಬಂದರೂ ಹೊರಹಾಕಲಿಲ್ಲ.

ಅಲ್ಲಿ ಕೂತವರು ಚಹಾ ಕೇಳಿದರು. ಸವಾಯ್‌ನ ಚಹಾದ ಬೆಲೆ ಅವರಿಗೆ ನಿಲುಕುವಂತಿರಲಿಲ್ಲ. ಬೀದಿಯ ಸಾಮಾನ್ಯ ಚಹಾದಂಗಡಿಯಲ್ಲಿ ಕೊಡುವಷ್ಟನ್ನು, ಎರಡು ಪೆನ್ನಿಯನ್ನು ಕೊಡುತ್ತೇವೆಂದರು. ಮಾಣಿಗಳು ನಡುವೆ ನಿಂತು ಮಾತುಕತೆ ನಡೆಸಿದರು, ಕೊನೆಗೆ ಎರಡು ಪೆನ್ನಿಗೇ ಬೆಳ್ಳಿಯ ತಟ್ಟೆಗಳಲ್ಲಿ ಚಹಾ ಬಂತು. ಆ ಮಾಣಿಗಳೂ ದುಡಿಯುವವರೇ. ಅವರಲ್ಲಿ ಹಲವರ ಮನೆಗಳ ಮೇಲೂ ಆ ರಾತ್ರಿಗಳಲ್ಲಿ ಬಾಂಬಿನ ನೆರಳಿತ್ತು. ಅಪಾಯ ಕಳೆಯಿತೆಂಬ ಸೈರನ್ ಅಂದು ಬೇಗನೆ ಕೂಗಿದ್ದರಿಂದ ಬಂದವರು ರಾತ್ರಿಯಿಡೀ ಉಳಿಯಲಿಲ್ಲ. ಹಾಗೆಂದು ಬಂದದ್ದು ವ್ಯರ್ಥವಾಗಲಿಲ್ಲ. ವಿಷಯ ಪತ್ರಿಕೆಗಳಿಗೆ ಬಂತು. ಇತ್ತ ಜನ ತಾವಾಗಿಯೇ ಭೂಗತ ನಿಲ್ದಾಣಗಳಿಗೆ ನುಗ್ಗತೊಡಗಿದ್ದರು. ಅದೇ ತಿಂಗಳಲ್ಲಿ ಸರ್ಕಾರ ಮಣಿದು ನಿಲ್ದಾಣಗಳನ್ನು ರಾತ್ರಿಯ ತಂಗುದಾಣವಾಗಿ ಬಳಸಲು ಬಿಟ್ಟುಕೊಟ್ಟಿತು. ಪಿರಾಟಿನ್ 1945ರಲ್ಲಿ ಅದೇ ಈಸ್ಟ್ ಎಂಡ್‌ನಿಂದ ಸಂಸತ್ತಿಗೆ ಆಯ್ಕೆಯಾದ. ನೂರು ಹಾಸಿಗೆಗಳ ಛತ್ರವಿದ್ದ ನೆಲದಲ್ಲಿ ಇನ್ನೂರಮೂವತ್ತೆಂಟು ವರ್ಷಗಳ ಬಳಿಕ ಬಡವರು ಮತ್ತೆ ಬಂದು ಕೂತದ್ದು ಆ ಕೆಲವೇ ಗಂಟೆಗಳ ಕಾಲ. ಅವರಿಗೆ ಆ ಛತ್ರದ ನೆನಪಿತ್ತೇ ಎಂದು ನೀವು ಕೇಳಬಹುದು. ನೆನಪಿರಲಿ ಬಿಡಲಿ, ಅವರು ಕೇಳಿದ್ದು ಅದನ್ನೇ.

ನನ್ನ ಕೋಣೆಯ ಮಂಚಕ್ಕೂ ಒಂದು ಕಥೆಯಿದೆ. 1905ರಿಂದ ಸವಾಯ್ ತನ್ನದೇ ಹಾಸಿಗೆಗಳನ್ನು ಮಾಡಿಸತೊಡಗಿತು. ಸುರುಳಿ ಸುತ್ತಿದ ಕುದುರೆ ಕೂದಲನ್ನು ಬಿಡಿಸಿ ತುಂಬಿ, ಕೈಯಿಂದ ಹೊಲಿದು ಮಾಡುವ ಆ ಹಾಸಿಗೆಗೆ ಎಷ್ಟು ಹೆಸರು ಬಂತೆಂದರೆ ಮುಂದೆ ಅದು ಬೇರೆಯೇ ಕಂಪನಿಯಾಯಿತು. ನಾನು ಅಂದು ರಾತ್ರಿ ಹಾಸುಬಟ್ಟೆಯ ಅಂಚನ್ನು ಎತ್ತಿ ನೋಡಿದೆ. ಮಂಚದ ಮೂಲೆಯಲ್ಲಿ ಬಟ್ಟೆಯನ್ನು ಲಕೋಟೆಯ ಬಾಯಿಯಂತೆ ಮಡಿಸಿ, ಮಡಿಕೆಯನ್ನು ಹಾಸಿಗೆಯಡಿ ಗಟ್ಟಿಯಾಗಿ ಸೇರಿಸಿದ್ದರು. ನಾಲ್ಕು ಮೂಲೆಗಳಲ್ಲೂ ಮಡಿಕೆಯ ಕೋನ ಒಂದೇ. ನನ್ನ ಅಜ್ಜಿ ಬಾಳೆಲೆಯ ದೊನ್ನೆ ಕಟ್ಟುವಾಗ ಮಡಿಸುತ್ತಿದ್ದ ಕ್ರಮ ಹಾಗಿತ್ತು: ಕಣ್ಣು ಬೇರೆಲ್ಲೋ, ಬೆರಳು ತನ್ನಷ್ಟಕ್ಕೆ ತಾನೇ ಮಡಿಸುತ್ತ. ಕೋಣೆಯಲ್ಲಿ ನೋಡುವಂಥ ವಸ್ತುಗಳು ಬೇಕಾದಷ್ಟಿದ್ದವು. 2007ರ ಡಿಸೆಂಬರಿನಲ್ಲಿ ಹೋಟೆಲನ್ನು ಮುಚ್ಚಿ, ಹಳೆಯ ಪೀಠೋಪಕರಣಗಳನ್ನು ಹರಾಜು ಹಾಕಿ, ಸುಮಾರು 220 ಮಿಲಿಯನ್ ಪೌಂಡ್ ಸುರಿದು 2010ರ ಅಕ್ಟೋಬರ್ 10ರಂದು ಮತ್ತೆ ತೆರೆದರಷ್ಟೆ. ಹಾಗಾಗಿ ಕಣ್ಣಿಗೆ ಕಾಣುವ ಹಳೆಯದರಲ್ಲಿ ಬಹಳಷ್ಟು ಹೊಸದು. ಆದರೆ ಮೂಲೆಯ ಆ ಮಡಿಕೆ ಕೈಯಿಂದ ಕೈಗೆ ಬಂದದ್ದು. ಅದನ್ನು ಹರಾಜು ಹಾಕಲು ಬರುವುದಿಲ್ಲ.

ಇನ್ನೊಂದು ವಸ್ತುವನ್ನು ಹತ್ತಿರದಿಂದ ನೋಡಿದೆ: ಕ್ಯಾಸ್ಪರ್ ಎಂಬ ಬೆಕ್ಕು. ಮರದಲ್ಲಿ ಕೆತ್ತಿದ, ಕಪ್ಪನೆಯ ಬೆಕ್ಕು. 1898ರಲ್ಲಿ ವುಲ್ಫ್ ಜೋಯಲ್ ಎಂಬ ವಜ್ರದ ವ್ಯಾಪಾರಿ ಇಲ್ಲಿ ಔತಣ ಕೊಟ್ಟಾಗ ಕೊನೆಗಳಿಗೆಯಲ್ಲಿ ಒಬ್ಬರು ತಪ್ಪಿಸಿಕೊಂಡು ಪಂಕ್ತಿಯಲ್ಲಿ ಹದಿಮೂರು ಜನರಾದರಂತೆ. ಹದಿಮೂರು ಜನ ಕೂತ ಪಂಕ್ತಿ ಅಪಶಕುನವೆಂಬುದು ಅಲ್ಲಿಯ ನಂಬಿಕೆ; ಅದರಿಂದ ಮೊದಲು ಎದ್ದವನಿಗೆ ಕೇಡು ಎಂದು ಯಾರೋ ಆಡಿದರು. ಮೊದಲು ಎದ್ದದ್ದು ಜೋಯಲ್. ಕೆಲವೇ ವಾರಗಳಲ್ಲಿ ಅವನು ಜೋಹಾನ್ಸ್‌ಬರ್ಗಿನಲ್ಲಿ ಗುಂಡೇಟಿಗೆ ಬಲಿಯಾದ. ಅಲ್ಲಿಂದ ಹದಿಮೂರು ಜನರ ಪಂಕ್ತಿಯಿದ್ದರೆ ಹೋಟೆಲಿನ ನೌಕರನೊಬ್ಬನನ್ನು ಹದಿನಾಲ್ಕನೆಯವನಾಗಿ ಕೂರಿಸುವುದು ರೂಢಿಯಾಯಿತು. ತಮ್ಮ ಖಾಸಗಿ ಮಾತುಗಳ ನಡುವೆ ನೌಕರ ಕೂತಿರುವುದು ಅತಿಥಿಗಳಿಗೆ ಹಿಡಿಸಲಿಲ್ಲ. ಅದಕ್ಕಾಗಿ 1927ರಲ್ಲಿ ವಿನ್ಯಾಸಕಾರ ಬೇಸಿಲ್ ಅಯೊನೈಡಿಸ್ ಈ ಬೆಕ್ಕನ್ನು ರೂಪಿಸಿದ. ಅಂದಿನಿಂದ ಹದಿನಾಲ್ಕನೆಯ ಕುರ್ಚಿ ಅದರದು; ಕೊರಳಿಗೆ ಕರವಸ್ತ್ರ ಕಟ್ಟಿ, ಎಲ್ಲರಂತೆ ಅದಕ್ಕೂ ಒಂದೊಂದೇ ಬಗೆಯನ್ನು ಬಡಿಸುತ್ತಾರೆ. ಮನುಷ್ಯನಿಗೆ ಸಿಕ್ಕಿದ್ದ ಕುರ್ಚಿ ಮರದ ಬೆಕ್ಕಿಗೆ ಹೋಯಿತು. ಆ ನೌಕರರಿಗೆ ಆ ಪಂಕ್ತಿಯ ಊಟ ರುಚಿಸುತ್ತಿತ್ತೇ, ಕೈ ಸರಾಗವಾಗಿ ಬಾಯಿಗೆ ಹೋಗುತ್ತಿತ್ತೇ ಎಂದು ಯೋಚಿಸುತ್ತ ನಾನು ಬೆಕ್ಕಿನ ಮುಂದೆ ಬಹಳ ಹೊತ್ತು ನಿಂತಿದ್ದೆ.

ಬೆಳಿಗ್ಗೆ ಬೇಗನೆದ್ದು ನದಿಯ ಗುಂಟ ಹೊರಟೆ. ಹೋಟೆಲಿನ ಪಕ್ಕದ ಕಾರ್ಟಿಂಗ್ ಲೇನ್ ಎಂಬ ಇಳಿಜಾರಿನ ಓಣಿಯಲ್ಲಿ ಒಂದು ಹಳೆಯ ಗ್ಯಾಸ್ ದೀಪವಿದೆ. ಕೆಳಗಿನ ಒಳಚರಂಡಿಯ ಅನಿಲವನ್ನು ಮೇಲಕ್ಕೆ ಸೆಳೆದು ಸುಡಲೆಂದು ಮಾಡಿದ್ದು. ಅದನ್ನು ನೋಡಿಕೊಂಡು ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿ, ಮೊನೆ ಸಂಸತ್ತಿನ ಚಿತ್ರಗಳನ್ನು ಬಿಡಿಸಿದ ಸೇಂಟ್ ಥಾಮಸ್ ಆಸ್ಪತ್ರೆಯನ್ನು ಹಾದು, ಲ್ಯಾಂಬೆತ್ ಕಡೆಗೆ ನಡೆದರೆ ಆಲ್ಬರ್ಟ್ ದಂಡೆಯ ಮೇಲೆ ನಮ್ಮ ಬಸವಣ್ಣನ ಪ್ರತಿಮೆ ಸಿಗುತ್ತದೆ. 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿಯವರು ಅನಾವರಣ ಮಾಡಿದ್ದು. ಲಂಡನ್ನಿಗೆ ಹೋದ ಕನ್ನಡಿಗರಲ್ಲಿ ಹೆಚ್ಚಿನವರು ಅಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ, ನಾನೂ ತೆಗೆಸಿಕೊಂಡೆ. ರಾತ್ರಿಯಿಡೀ ಅರಮನೆ, ಛತ್ರ, ಹೋಟೆಲ್ ಎಂದು ಯೋಚಿಸುತ್ತಿದ್ದವನಿಗೆ ಸ್ಥಾವರ ಎಂಬ ಮಾತು ಅಲ್ಲಿ ತಾನಾಗಿ ನಾಲಿಗೆಗೆ ಬಂತು. ಕಾಯಕ ಎಂಬ ಮಾತು ಹೋಟೆಲಿಗೆ ಮರಳಿದ ಮೇಲೆ ಬಂತು.

ಕೋಣೆ ಬಿಟ್ಟು ಕೆಳಗೆ ಬಂದು ಲೆಕ್ಕ ಮುಗಿಸಿದ ಮೇಲೆ ಕನ್ನಡಕ ಮೇಲೆಯೇ ಉಳಿದದ್ದು ತಿಳಿಯಿತು. ಕೆಂಪು ಅರಗಿನ ಬಣ್ಣದ ಹಳೆಯ ಲಿಫ್ಟಿನಲ್ಲಿ ಹತ್ತಿ ಹೋದೆ. ಕೋಣೆಯ ಬಾಗಿಲು ತೆರೆದಿತ್ತು. ಇಬ್ಬರು ಹೆಂಗಸರು ಮಂಚದ ಆಚೀಚೆ ನಿಂತಿದ್ದರು. ನಾನು ಮಲಗಿದ್ದ ಬಟ್ಟೆಗಳು ಆಗಲೇ ನೆಲದ ಮೇಲೆ ಮುದ್ದೆಯಾಗಿದ್ದವು. ಒಬ್ಬಾಕೆ ಕನ್ನಡಕವನ್ನು ಮೇಜಿನಿಂದ ತೆಗೆದು ಎರಡೂ ಕೈಗಳಲ್ಲಿ ಹಿಡಿದು ಕೊಟ್ಟಳು. ಬಾಗಿಲಲ್ಲಿ ಒಂದು ಗಳಿಗೆ ನಿಂತೆ. ಇಬ್ಬರೂ ಹೊಸ ಹಾಸುಬಟ್ಟೆಯ ತುದಿಗಳನ್ನು ಹಿಡಿದು ಒಮ್ಮೆ ಮೇಲಕ್ಕೆ ಬೀಸಿದರು. ಗಾಳಿ ತುಂಬಿಕೊಂಡ ಬಟ್ಟೆ ಕಿಟಕಿಯ ಬೆಳಕಿನಲ್ಲಿ ಒಂದಿಷ್ಟು ಹೊತ್ತು ನಿಂತು, ಹಾಸಿಗೆಯ ಮೇಲೆ ಮೆಲ್ಲಗೆ ಇಳಿಯಿತು. ಆಮೇಲೆ ಅವರು ಬಗ್ಗಿ, ಮೂಲೆಗಳನ್ನು ಮಡಿಸತೊಡಗಿದರು.